ಕಾಣುವ ಕಣ್ಣಿನ ಕಾಯಿಲೆ

ಕಣ್ಣಿನ ನಟ್ಟನಡುವೆ ಇರುವ ಕರಿಯ ಬೊಟ್ಟನ್ನು ನಾವು ಪಾಪೆ ಎನ್ನುತ್ತೇವೆ. ಪಾಪೆ ಎಂದರೆ ಬೊಂಬೆ. ಎದುರಿಗಿರುವವರ ಕಣ್ಣನ್ನು ಹತ್ತಿರದಿಂದ ದಿಟ್ಟಿಸಿದರೆ ಅಲ್ಲಿ ನಮ್ಮದೇ ಆದ ಪುಟ್ಟ ಬಿಂಬವೊಂದು ಬೊಂಬೆಯಂತೆ ನಿಂತಿರುತ್ತದೆ. ಆ ಬೊಂಬೆಯೇ ಆ ಭಾಗಕ್ಕೆ ಹೆಸರಾಯಿತು. ಸಂಸ್ಕೃತದ ‘ಕನೀನಿಕಾ’ ಶಬ್ದದಲ್ಲಿಯೂ ಲ್ಯಾಟಿನ್ನಿನ ‘ಪ್ಯುಪಿಲಾ’ ಶಬ್ದದಲ್ಲಿಯೂ ಇದೇ ಎಳೆಯ ಹುಡುಗಿಯ ಕಲ್ಪನೆ ಅಡಗಿದೆ. ಬೇರೆ ಬೇರೆ ನಾಡಿನ ಜನ ಪಾಪೆಯಲ್ಲಿ ತಮ್ಮ ಬಿಂಬವನ್ನು ಕಂಡರು, ನಿಜ. ಆದರೆ ಪಾಪೆಯ ಹಿಂದೆ ಏನಿದೆ ಎಂಬುದನ್ನು ಬದುಕಿರುವ ಮನುಷ್ಯನ ಕಣ್ಣಿನಲ್ಲಿ ಯಾರೂ ಸರಿಯಾಗಿ ಕಂಡಿರಲಿಲ್ಲ. ಅಲ್ಲಿ ಕತ್ತಲೆ ಕವಿದಿತ್ತು. ಆ ಕತ್ತಲೆ ಹರಿದದ್ದು ಹತ್ತೊಂಬತ್ತನೆಯ ಶತಮಾನದ ನಡುವೆ. ಅದು ಹರಿದ ಕೆಲವೇ ವರ್ಷಗಳಲ್ಲಿ ಅಲ್ಲಿ ಒಂದು ಹೊಸ ರೋಗದ ಗುರುತು ಕಾಣಿಸಿತು. ಮಧುಮೇಹದಿಂದ ಕಣ್ಣಿಗೆ ಬರುವ ಆ ರೋಗದ ಕಥೆಯನ್ನೂ, ಅದನ್ನು ತಡೆಯಲು ಮನುಷ್ಯ ನಡೆಸಿದ ಪ್ರಯತ್ನದ ಕಥೆಯನ್ನೂ ಇಂದು ತಮ್ಮ ಮುಂದಿಡಬಯಸುತ್ತೇನೆ.

ಪಾಪೆ ಕಪ್ಪಾಗಿ ಕಾಣುವುದೇಕೆ? ಒಳಗೆ ಹೋದ ಬೆಳಕು ಬಂದ ದಾರಿಯಲ್ಲೇ ಹಿಂದಿರುಗುತ್ತದೆ. ಆ ಬೆಳಕು ನಮ್ಮ ಕಣ್ಣಿಗೆ ಬೀಳಬೇಕಾದರೆ ನಮ್ಮ ತಲೆ ಅದೇ ದಾರಿಯಲ್ಲಿರಬೇಕು. ತಲೆ ಅಡ್ಡ ಬಂದರೆ ಬೆಳಕು ಒಳಹೋಗುವುದೇ ಇಲ್ಲ. ಈ ತೊಡಕನ್ನು ಬಿಡಿಸಿದವನು ಜರ್ಮನಿಯ ಹರ್ಮನ್ ಫಾನ್ ಹೆಲ್ಮ್‌ಹೋಲ್ಟ್ಸ್. ಕೋನಿಗ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಶರೀರಕ್ರಿಯಾಶಾಸ್ತ್ರದ ಪ್ರಾಧ್ಯಾಪಕನಾಗಿದ್ದ ಆತನಿಗೆ ಆಗ ಇನ್ನೂ 29 ವರ್ಷ. ಓರೆಯಾಗಿಟ್ಟ ಗಾಜಿನ ಫಲಕಗಳಿಂದ ದೀಪದ ಬೆಳಕನ್ನು ಕಣ್ಣೊಳಕ್ಕೆ ಪ್ರತಿಫಲಿಸಿ, ಅದೇ ಗಾಜಿನ ಮೂಲಕ ತಾನೂ ಇಣುಕಿ ನೋಡುವ ಉಪಾಯವನ್ನು ಆತ 1850ರಲ್ಲಿ ಹೂಡಿ, 1851ರಲ್ಲಿ ಅದರ ವಿವರಗಳನ್ನು ಪ್ರಕಟಿಸಿದ. ಆಫ್ತಾಲ್ಮೋಸ್ಕೋಪ್ ಎಂಬ ಉಪಕರಣ ಹುಟ್ಟಿದ್ದು ಹೀಗೆ. ಕಣ್ಣಿನ ಹಿಂಗೋಡೆಯ ಮೇಲೆ ಹರಡಿರುವ ಅಕ್ಷಿಪಟಲ, ಅದರ ಮೇಲೆ ಕವಲೊಡೆದು ಸಾಗುವ ರಕ್ತನಾಳಗಳು, ಎಲ್ಲವೂ ಮೊದಲ ಬಾರಿಗೆ ಮನುಷ್ಯನಿಗೆ ಗೋಚರವಾದವು. ದೇಹವನ್ನು ಕೊಯ್ಯದೆ ಜೀವಂತ ರಕ್ತನಾಳಗಳನ್ನು ನೇರವಾಗಿ ನೋಡಬಹುದಾದ ತಾಣ ಮನುಷ್ಯ ಶರೀರದಲ್ಲಿ ಇದೊಂದೇ ಎಂದರೂ ತಪ್ಪಲ್ಲ.

ಮಧುಮೇಹವಾದರೋ ಹಳೆಯ ರೋಗ. ಮೂತ್ರಕ್ಕೆ ಇರುವೆ ಮುತ್ತುವುದನ್ನು ನಮ್ಮ ಆಯುರ್ವೇದ ಗ್ರಂಥಗಳು ಎಂದೋ ಗುರುತಿಸಿದ್ದವು. ಆದರೆ ಈ ರೋಗಕ್ಕೂ ಅಕ್ಷಿಪಟಲಕ್ಕೂ ಸಂಬಂಧವಿದೆಯೆಂದು ಹೇಳಲು ಹೆಲ್ಮ್‌ಹೋಲ್ಟ್ಸನ ಉಪಕರಣವೇ ಬೇಕಾಯಿತು. 1855ರ ಸುಮಾರಿಗೆ ವಿಯೆನ್ನಾದ ಎಡ್ವರ್ಡ್ ಯೇಗರ್ ಎಂಬ ವೈದ್ಯ ಮಧುಮೇಹಿಯೊಬ್ಬನ ಕಣ್ಣಿನಲ್ಲಿ ಹಳದಿಯ ಚುಕ್ಕೆಗಳನ್ನೂ ರಕ್ತದ ಕಲೆಗಳನ್ನೂ ಕಂಡು ವರ್ಣಿಸಿದ. ಆ ಕಾಲದ ನೇತ್ರವೈದ್ಯರಲ್ಲಿ ಅಗ್ರಗಣ್ಯನಾಗಿದ್ದ ಬರ್ಲಿನ್ನಿನ ಆಲ್ಬ್ರೆಕ್ಟ್ ಫಾನ್ ಗ್ರೇಫೆ ಇದನ್ನು ಒಪ್ಪಲಿಲ್ಲ. ಆ ಕಲೆಗಳಿಗೆ ಮಧುಮೇಹವೇ ಕಾರಣವೆನ್ನಲು ಆಧಾರ ಸಾಲದೆಂದ. ಆಧಾರ ದೊರೆತದ್ದು 1872ರಲ್ಲಿ. ಲಂಡನ್ನಿನ ಎಡ್ವರ್ಡ್ ನೆಟಲ್‌ಶಿಪ್ ಮಧುಮೇಹಿಯ ಅಕ್ಷಿಪಟಲವನ್ನು ಸೂಕ್ಷ್ಮದರ್ಶಕದಡಿ ಪರೀಕ್ಷಿಸಿ, ಅದರ ಕೇಂದ್ರಭಾಗದಲ್ಲಿ ಆಗಿರುವ ಊತವನ್ನು ತೋರಿಸಿಕೊಟ್ಟ. ನಾಲ್ಕು ವರ್ಷಗಳ ಮೇಲೆ, 1876ರಲ್ಲಿ, ಜರ್ಮನಿಯ ವಿಲ್ಹೆಲ್ಮ್ ಮಾಂಟ್ಸ್ ಅಕ್ಷಿಪಟಲದ ಮೇಲೆ ಹೊಸ ನಾಳಗಳೂ ನಾರಿನಂತಹ ಪೊರೆಗಳೂ ಬೆಳೆಯುವುದನ್ನು ವಿವರಿಸಿದ. ಇಷ್ಟಾದರೂ ಇದು ಮಧುಮೇಹದ್ದೇ ಆದ ವಿಶಿಷ್ಟ ರೋಗವೋ, ರಕ್ತದ ಒತ್ತಡದ ಇನ್ನೊಂದು ಮುಖವೋ ಎಂಬ ವಾದ ಮತ್ತೂ ಹಲವು ದಶಕ ನಡೆಯಿತು. ಗ್ಲಾಸ್ಗೋ ನಗರದ ಆರ್ಥರ್ ಬ್ಯಾಲಂಟೈನ್ ಮತ್ತು ಆತನ ಸಹೋದ್ಯೋಗಿಗಳು 1940ರ ದಶಕದಲ್ಲಿ ಮಾಡಿದ ಕೆಲಸದಿಂದ ಆ ವಾದ ಹೆಚ್ಚುಕಡಿಮೆ ಮುಗಿಯಿತು.

ರೋಗದ ನಡೆ ಹೇಗೆ ಎಂಬುದನ್ನು ಇಲ್ಲಿ ಎರಡು ಮಾತಿನಲ್ಲಿ ಹೇಳಬೇಕು. ಅಕ್ಷಿಪಟಲದ ಲೋಮನಾಳಗಳು ಕೂದಲಿಗಿಂತ ತೆಳು. ಅವುಗಳ ಗೋಡೆಗೆ ಒತ್ತಾಸೆಯಾಗಿ ನಿಂತಿರುವ ಕೆಲವು ಜೀವಕೋಶಗಳು ಹಲವು ವರ್ಷಗಳ ಅಧಿಕ ಸಕ್ಕರೆಯಿಂದ ಒಂದೊಂದಾಗಿ ಸಾಯುತ್ತವೆ. ಬಾಸ್ಟನ್ನಿನಲ್ಲಿ ಕುವಬಾರ ಮತ್ತು ಕೋಗನ್ ಎಂಬ ವಿದ್ವಾಂಸರು 1960ರ ಸುಮಾರಿನಲ್ಲಿ ಅಕ್ಷಿಪಟಲವನ್ನು ಜೀರ್ಣರಸದಲ್ಲಿ ಕರಗಿಸಿ, ನಾಳಗಳ ಬಲೆಯೊಂದನ್ನೇ ಉಳಿಸಿಕೊಂಡು ಇದನ್ನು ಸಿದ್ಧಪಡಿಸಿದರು. ಒತ್ತಾಸೆ ತಪ್ಪಿದ ನಾಳ ಅಲ್ಲಲ್ಲಿ ಸಾಸಿವೆಯಂತೆ ಉಬ್ಬುತ್ತದೆ, ಸೋರುತ್ತದೆ, ಕೆಲವೆಡೆ ಮುಚ್ಚಿಹೋಗುತ್ತದೆ. ಸೋರಿದ ನೀರು ನೋಟದ ಕೇಂದ್ರವಾದ ಮ್ಯಾಕ್ಯುಲದಲ್ಲಿ ನಿಂತರೆ ಅಕ್ಷರಗಳು ಮಸುಕಾಗುತ್ತವೆ. ನಾಳ ಮುಚ್ಚಿದ ಜಾಗ ಪ್ರಾಣವಾಯುವಿಗಾಗಿ ಹಂಬಲಿಸಿ ಹೊಸ ನಾಳಗಳನ್ನು ಬೆಳೆಸುತ್ತದೆ. ಆ ಹೊಸ ನಾಳಗಳು ದುರ್ಬಲ. ಒಂದು ದಿನ ಹಠಾತ್ತನೆ ಒಡೆದು ಕಣ್ಣೊಳಗೆ ರಕ್ತ ಚೆಲ್ಲುತ್ತವೆ. ಅವುಗಳೊಡನೆ ಬೆಳೆದ ಪೊರೆ ಕುಗ್ಗಿ ಅಕ್ಷಿಪಟಲವನ್ನೇ ಗೋಡೆಯಿಂದ ಕಿತ್ತುಬಿಡಬಹುದು. ಇಷ್ಟೆಲ್ಲ ಒಳಗೆ ನಡೆಯುತ್ತಿರುವಾಗ ನೋವಿಲ್ಲ, ಉರಿಯಿಲ್ಲ, ಕಣ್ಣು ಕೆಂಪಾಗುವುದಿಲ್ಲ. ಬಹುಕಾಲ ನೋಟವೂ ಚೆನ್ನಾಗಿಯೇ ಇರುತ್ತದೆ. ಶ್ರೋತೃಗಳು ಈ ಒಂದು ಸಂಗತಿಯನ್ನು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಬೇಡುತ್ತೇನೆ. ಮುಂದಿನ ಕಥೆಯೆಲ್ಲ ಇದರ ಸುತ್ತಲೇ ತಿರುಗುತ್ತದೆ.

1921ರಲ್ಲಿ ಟೊರಾಂಟೋ ನಗರದಲ್ಲಿ ಬ್ಯಾಂಟಿಂಗ್, ಬೆಸ್ಟ್ ಮೊದಲಾದವರ ಪ್ರಯತ್ನದಿಂದ ಇನ್ಸುಲಿನ್ ದೊರೆಯಿತು. 1922ರ ಜನವರಿಯಲ್ಲಿ ಅದನ್ನು ಮೊದಲು ಪಡೆದವನು 14 ವರ್ಷದ ಒಬ್ಬ ಬಾಲಕ. ಅಲ್ಲಿಯವರೆಗೆ ಎಳೆಯ ವಯಸ್ಸಿನಲ್ಲಿ ಮಧುಮೇಹ ತಗುಲಿದವರು ಕೆಲವೇ ತಿಂಗಳುಗಳಲ್ಲಿ, ಹೆಚ್ಚೆಂದರೆ ಕೆಲವು ವರ್ಷಗಳಲ್ಲಿ ಕ್ಷಯಿಸಿ ಸಾಯುತ್ತಿದ್ದರು. ಈಗ ಅವರು ಬದುಕಿದರು, ಬೆಳೆದರು, ಸಂಸಾರವಂದಿಗರಾದರು. ಆದರೆ ಅವರು ಬದುಕಿ ಹದಿನೈದು ಇಪ್ಪತ್ತು ವರ್ಷಗಳಾಗುತ್ತಲೇ ಹಲವರ ಕಣ್ಣಿನಲ್ಲಿ ಆ ಹೊಸ ನಾಳಗಳು ತಲೆಯೆತ್ತಿದವು. ಸಾವನ್ನು ದೂರ ತಳ್ಳಿದ ಔಷಧಿಯೇ ಕುರುಡು ಬರುವಷ್ಟು ದೀರ್ಘವಾದ ಆಯುಷ್ಯವನ್ನು ಕೊಟ್ಟಂತಾಯಿತು. ಇಪ್ಪತ್ತನೆಯ ಶತಮಾನದ ನಡುಭಾಗದ ಹೊತ್ತಿಗೆ ಪಾಶ್ಚಾತ್ಯ ದೇಶಗಳಲ್ಲಿ ದುಡಿಯುವ ವಯಸ್ಸಿನವರ ಕುರುಡಿಗೆ ಮಧುಮೇಹ ಒಂದು ದೊಡ್ಡ ಕಾರಣವಾಗಿ ನಿಂತಿತ್ತು. ವೈದ್ಯರು ಕೈಚೆಲ್ಲಿ ಕುಳಿತಿದ್ದರು.

ಕೈಚೆಲ್ಲಿದವರು ಎಂತಹ ಸಾಹಸಕ್ಕಾದರೂ ಕೈಹಾಕುತ್ತಾರೆ. 1953ರಲ್ಲಿ ಡೆನ್ಮಾರ್ಕಿನ ಪೌಲ್ಸನ್ ಎಂಬ ವೈದ್ಯ ಒಂದು ವಿಚಿತ್ರವನ್ನು ವರದಿಮಾಡಿದ. ಹೆರಿಗೆಯ ವೇಳೆ ತಲೆಯೊಳಗಿನ ಪಿಟ್ಯುಟರಿ ಗ್ರಂಥಿ ನಾಶವಾಗಿದ್ದ ಮಧುಮೇಹಿ ಮಹಿಳೆಯೊಬ್ಬಳ ಕಣ್ಣಿನ ರೋಗ ತಾನಾಗಿಯೇ ಹಿಮ್ಮೆಟ್ಟಿತ್ತು. ಈ ಆಸೆಯ ಎಳೆಯನ್ನು ಹಿಡಿದು 1950 ಮತ್ತು 60ರ ದಶಕಗಳಲ್ಲಿ ಅನೇಕ ರೋಗಿಗಳ ಪಿಟ್ಯುಟರಿಯನ್ನು ತೆಗೆಯುವ ಇಲ್ಲವೆ ಸುಡುವ ಚಿಕಿತ್ಸೆ ನಡೆಯಿತು. ಕೆಲವರ ಕಣ್ಣು ಉಳಿಯಿತು. ಆದರೆ ದೇಹದ ಹಾರ್ಮೋನುಗಳನ್ನೆಲ್ಲ ಆಳುವ ಗ್ರಂಥಿಯನ್ನು ಕಳೆದುಕೊಂಡ ಮೇಲೆ ಬದುಕಿಡೀ ಔಷಧಿಯ ಆಸರೆ ಬೇಕು. ಇನ್ಸುಲಿನ್ ಅಳತೆ ತುಸು ತಪ್ಪಿದರೂ ಪ್ರಾಣಕ್ಕೆ ಸಂಚಕಾರ. ಕಣ್ಣಿಗಾಗಿ ಮನುಷ್ಯ ಏನನ್ನೆಲ್ಲ ತೆರಲು ಸಿದ್ಧನಾಗಿದ್ದನೆಂಬುದಕ್ಕೆ ಈ ಅಧ್ಯಾಯ ಸಾಕ್ಷಿ.

ಇದಕ್ಕಿಂತ ಮೇಲಾದ ದಾರಿಯೊಂದು ಸೂರ್ಯನಿಂದ ಬಂದಿತು. 1945ರ ಜುಲೈಯಲ್ಲಿ ಯುರೋಪಿನಲ್ಲಿ ಸೂರ್ಯಗ್ರಹಣ ಕಂಡಿತು. ಗ್ರಹಣವನ್ನು ಬರಿಗಣ್ಣಿನಿಂದ ನೋಡಬಾರದೆಂದು ನಮ್ಮ ಹಿರಿಯರು ಹೇಳುತ್ತಿದ್ದರಷ್ಟೆ. ಹಾಗೆ ನೋಡಿ ಕಣ್ಣು ಸುಟ್ಟುಕೊಂಡವರು ಜರ್ಮನಿಯ ಆಸ್ಪತ್ರೆಗೂ ಬಂದರು. ಅವರ ಅಕ್ಷಿಪಟಲದ ಮೇಲಿನ ಸುಟ್ಟ ಕಲೆಯನ್ನು ನೋಡಿ ಗೆರ್ಡ್ ಮೇಯರ್-ಶ್ವಿಕರಾತ್ ಎಂಬ ತರುಣ ವೈದ್ಯನಿಗೆ ಒಂದು ಯೋಚನೆ ಹೊಳೆಯಿತು. ಬೆಳಕಿನಿಂದ ಹೀಗೆ ಕಲೆ ಮಾಡಬಹುದಾದರೆ, ಬೇಕಾದ ಜಾಗದಲ್ಲಿ ಬೇಕಾದಷ್ಟೇ ಕಲೆಯನ್ನು ಮಾಡಿ ಅಕ್ಷಿಪಟಲವನ್ನು ಬೆಸೆಯಬಾರದೇಕೆ? ಮೊದಮೊದಲು ಆತ ಸೂರ್ಯನ ಬೆಳಕನ್ನೇ ಕನ್ನಡಿಗಳಿಂದ ಹಿಡಿದು ರೋಗಿಯ ಕಣ್ಣಿಗೆ ಹಾಯಿಸಿದ. ಮೋಡ ಕವಿದರೆ ಚಿಕಿತ್ಸೆ ನಿಲ್ಲುತ್ತಿತ್ತು. ಬಳಿಕ ಇಂಗಾಲದ ಚಾಪದೀಪವನ್ನೂ, 1950ರ ದಶಕದ ನಡುವೆ ಝೈಸ್ ಸಂಸ್ಥೆಯ ನೆರವಿನಿಂದ ಝೆನಾನ್ ದೀಪದ ಯಂತ್ರವನ್ನೂ ರೂಪಿಸಿದ. 1960ರಲ್ಲಿ ಲೇಸರ್ ಕಿರಣದ ಆವಿಷ್ಕಾರವಾದಾಗ, ಅದನ್ನು ಬಳಸುವ ವಿದ್ಯೆಯ ತಳಹದಿ ಆಗಲೇ ಸಿದ್ಧವಾಗಿತ್ತು.

ಬಾಸ್ಟನ್ನಿನ ಜೋಸ್ಲಿನ್ ಚಿಕಿತ್ಸಾಲಯದ ವಿಲಿಯಂ ಬೀಥಮ್ ಮತ್ತು ಲಾಯ್ಡ್ ಎಂ. ಅಯೆಲೊ ಎಂಬುವರು ಇನ್ನೊಂದು ಸೂಕ್ಷ್ಮವನ್ನು ಗಮನಿಸಿದ್ದರು. ಹಳೆಯ ಯಾವುದೋ ಗಾಯದಿಂದ ಅಕ್ಷಿಪಟಲದಲ್ಲಿ ಕಲೆಗಳಾಗಿದ್ದ ಕಣ್ಣಿಗೆ ಮಧುಮೇಹದ ಕಾಟ ಕಡಿಮೆ! ಒಬ್ಬನ ಒಂದು ಕಣ್ಣಿನಲ್ಲಿ ಕಲೆಗಳಿದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ, ಕಲೆಯಿದ್ದ ಕಣ್ಣೇ ಕ್ಷೇಮವಾಗಿರುತ್ತಿತ್ತು. ಹಾಗಿದ್ದರೆ ಅಂತಹ ಕಲೆಗಳನ್ನು ನಾವೇ ಏಕೆ ಮಾಡಬಾರದು? 1960ರ ದಶಕದ ಉತ್ತರಾರ್ಧದಲ್ಲಿ ಅವರು ರೂಬಿ ಲೇಸರ್ ಕಿರಣದಿಂದ ಅಕ್ಷಿಪಟಲದ ಅಂಚಿನುದ್ದಕ್ಕೂ ಚುಕ್ಕೆ ಚುಕ್ಕೆಯಾಗಿ ಸುಡತೊಡಗಿದರು. ಒಂದಷ್ಟು ಭಾಗ ಸತ್ತರೆ ಉಳಿದ ಭಾಗಕ್ಕೆ ಪ್ರಾಣವಾಯು ಸಾಕಾಗುತ್ತದೆ. ಹೊಸ ನಾಳಗಳು ಬಾಡುತ್ತವೆ. ಗದ್ದೆಗೆ ನೀರು ಸಾಲದಾದಾಗ ಕೆಲವು ಮಡಿಗಳನ್ನು ಒಣಗಲು ಬಿಟ್ಟು ನಡುವಣ ಮಡಿಗಳನ್ನು ಉಳಿಸಿಕೊಳ್ಳುವ ರೈತನ ಲೆಕ್ಕಾಚಾರವೇ ಇದು.

ಆದರೆ ಇದು ನಿಜವಾಗಿಯೂ ಫಲಕಾರಿಯೇ? ಚೆನ್ನಾಗಿ ಕಾಣುತ್ತಿರುವ ಕಣ್ಣನ್ನು ಸುಡುವುದೆಂದರೆ ಸಣ್ಣ ಮಾತಲ್ಲ. ಪಿಟ್ಯುಟರಿಯ ಪಾಠ ಎಲ್ಲರ ನೆನಪಿನಲ್ಲಿತ್ತು. ಆಗ ಅಮೆರಿಕದ ರಾಷ್ಟ್ರೀಯ ನೇತ್ರ ಸಂಸ್ಥೆ ಒಂದು ಪರೀಕ್ಷೆಯನ್ನು ಏರ್ಪಡಿಸಿತು. 1972ರಿಂದ ಮೊದಲ್ಗೊಂಡು 1700ಕ್ಕೂ ಹೆಚ್ಚು ಮಧುಮೇಹಿಗಳು ಅದರಲ್ಲಿ ಸೇರಿದರು. ಪ್ರತಿಯೊಬ್ಬರ ಒಂದು ಕಣ್ಣಿಗೆ ಮಾತ್ರ ಚಿಕಿತ್ಸೆ. ಇನ್ನೊಂದನ್ನು ಹಾಗೆಯೇ ಬಿಡತಕ್ಕದ್ದು. ಎಡಗಣ್ಣೋ ಬಲಗಣ್ಣೋ ಎಂಬುದನ್ನು ವೈದ್ಯನೂ ಆರಿಸುವಂತಿಲ್ಲ, ರೋಗಿಯೂ ಆರಿಸುವಂತಿಲ್ಲ. ಚೀಟಿ ಎತ್ತಿದಂತೆ ಅದು ನಿರ್ಧಾರವಾಗಬೇಕು. ಆ ಜನರ ಸ್ಥಿತಿಯನ್ನು ಸ್ವಲ್ಪ ಊಹಿಸಿಕೊಳ್ಳಿ. ಸುಟ್ಟ ಕಣ್ಣು ಉಳಿಯುವುದೋ ಸುಡದ ಕಣ್ಣು ಉಳಿಯುವುದೋ ಯಾರಿಗೂ ತಿಳಿಯದು. ತಮ್ಮ ಎರಡು ಕಣ್ಣುಗಳನ್ನು ಒಂದು ಪ್ರಶ್ನೆಯ ಎರಡು ಉತ್ತರಗಳಂತೆ ಅವರು ಲೋಕದ ಮುಂದೆ ಇಟ್ಟರು. ವೈದ್ಯಶಾಸ್ತ್ರದ ಚರಿತ್ರೆಯಲ್ಲಿ ಸಂಶೋಧಕರ ಹೆಸರುಗಳು ಉಳಿಯುತ್ತವೆ. ಈ ಸಾವಿರದ ಏಳುನೂರು ಜನರ ಹೆಸರುಗಳನ್ನು ನಾವು ಅರಿಯೆವು. ಅವರ ಋಣ ಮಾತ್ರ ಇಂದಿಗೂ ತೀರಿಲ್ಲ.

ಉತ್ತರ 1976ರಲ್ಲಿ ಹೊರಬಿತ್ತು. ಎರಡು ವರ್ಷಗಳ ಅವಧಿಯಲ್ಲಿ, ಹಾಗೆಯೇ ಬಿಟ್ಟ ಕಣ್ಣುಗಳಲ್ಲಿ ಶೇಕಡಾ 16.3ರಷ್ಟು ತೀವ್ರ ದೃಷ್ಟಿನಾಶಕ್ಕೆ ಗುರಿಯಾಗಿದ್ದವು. ಚಿಕಿತ್ಸೆ ಪಡೆದವುಗಳಲ್ಲಿ ಶೇಕಡಾ 6.4 ಮಾತ್ರ. ಅಂತರ ಎಷ್ಟು ಸ್ಪಷ್ಟವಾಗಿತ್ತೆಂದರೆ, ಪರೀಕ್ಷೆಯ ನಿಯಮವನ್ನೇ ಬದಲಾಯಿಸಿ, ಬಿಟ್ಟಿದ್ದ ಕಣ್ಣುಗಳಲ್ಲಿ ಅಪಾಯದಲ್ಲಿರುವವುಗಳಿಗೂ ಚಿಕಿತ್ಸೆ ಕೊಡಲು ಅನುಮತಿಸಲಾಯಿತು. ಲೇಸರ್ ಏನನ್ನೂ ಕೇಳದೆ ಕೊಡುವ ವರವಲ್ಲ. ಅಂಚಿನ ನೋಟ ಒಂದಿಷ್ಟು ಹೋಗುತ್ತದೆ, ಇರುಳಿನ ನೋಟ ಕುಂದುತ್ತದೆ. ಹೋದ ದೃಷ್ಟಿ ಸಾಮಾನ್ಯವಾಗಿ ಮರಳದು, ಇರುವುದು ಉಳಿಯುತ್ತದೆ. ಆದುದರಿಂದಲೇ ಅದನ್ನು ಕಣ್ಣು ಕಾಣುತ್ತಿರುವಾಗಲೇ ಮಾಡಬೇಕು. ಮ್ಯಾಕ್ಯುಲದ ಊತಕ್ಕೂ ಲೇಸರ್ ಉಪಯುಕ್ತವೆಂದು, ಅದು ನೋಟ ಕುಂದುವ ಸಂಭವವನ್ನು ಸುಮಾರು ಅರ್ಧಕ್ಕೆ ಇಳಿಸುತ್ತದೆಂದು, 3711 ರೋಗಿಗಳನ್ನೊಳಗೊಂಡ ಎರಡನೆಯ ಪರೀಕ್ಷೆ 1985ರಲ್ಲಿ ತಿಳಿಸಿತು.

ಇಷ್ಟರಲ್ಲಿ ತಡವಾಗಿ ಬಂದವರಿಗೂ ಒಂದು ಬಾಗಿಲು ತೆರೆದಿತ್ತು. ಕಣ್ಣುಗುಡ್ಡೆಯೊಳಗೆ ಮೊಟ್ಟೆಯ ಲೋಳೆಯನ್ನು ಹೋಲುವ ತಿಳಿಯಾದ ವಸ್ತುವೊಂದು ತುಂಬಿರುತ್ತದೆ. ವಿಟ್ರಿಯಸ್ ಎಂದು ಅದರ ಹೆಸರು. ಅದಕ್ಕೆ ಕೈಹಚ್ಚಿದರೆ ಕಣ್ಣು ಕೆಟ್ಟಂತೆಯೇ ಎಂಬ ನಂಬಿಕೆ ವೈದ್ಯರಲ್ಲಿ ಬೇರೂರಿತ್ತು. ಮಯಾಮಿ ನಗರದ ರಾಬರ್ಟ್ ಮಾಖೆಮರ್ ಕೋಳಿಮೊಟ್ಟೆಯ ಲೋಳೆಯ ಮೇಲೆಯೇ ಪ್ರಯೋಗ ಮಾಡಿ, ಒಂದೇ ಸಣ್ಣ ಕೊಳವೆಯಲ್ಲಿ ಕತ್ತರಿಸುವ, ಹೀರುವ ಮತ್ತು ದ್ರವ ತುಂಬುವ ಉಪಕರಣವನ್ನು ಮಾಡಿಕೊಂಡ. 1970ರ ಏಪ್ರಿಲ್‌ನಲ್ಲಿ ಆತ ಅದನ್ನು ಮೊದಲು ಬಳಸಿದ್ದು ರಕ್ತ ತುಂಬಿ ಕುರುಡಾಗಿದ್ದ ಮಧುಮೇಹಿಯೊಬ್ಬನ ಕಣ್ಣಿನಲ್ಲಿ. ಇಂದು ಲೋಕದೆಲ್ಲೆಡೆ ನಡೆಯುವ ವಿಟ್ರೆಕ್ಟಮಿ ಶಸ್ತ್ರಕ್ರಿಯೆಯ ಮೂಲ ಇದು.

ಮುಂದಿನ ಪ್ರಶ್ನೆ, ರೋಗ ಬಾರದಂತೆಯೇ ತಡೆಯಬಹುದೆ ಎಂಬುದು. ಸಕ್ಕರೆಯನ್ನು ಬಿಗಿಯಾಗಿ ಹಿಡಿದರೆ ಕಣ್ಣು ಉಳಿಯುವುದೆಂದು ಕೆಲವರು, ಇಲ್ಲವೆಂದು ಕೆಲವರು ಐವತ್ತು ವರ್ಷ ವಾದಿಸಿದ್ದರು. ಅಮೆರಿಕ ಮತ್ತು ಕೆನಡಾಗಳಲ್ಲಿ 1441 ಜನರ ಮೇಲೆ ನಡೆದ ಅಧ್ಯಯನ 1993ರಲ್ಲಿ ಈ ವಾದವನ್ನು ತೀರ್ಮಾನಿಸಿತು. ಇನ್ಸುಲಿನ್ ಅವಲಂಬಿಸಿದವರಲ್ಲಿ ಸಕ್ಕರೆಯ ಬಿಗಿ ಹಿಡಿತದಿಂದ ಕಣ್ಣಿನ ರೋಗ ಮೊದಲ್ಗೊಳ್ಳುವ ಸಂಭವ ಶೇಕಡಾ 76ರಷ್ಟು ಇಳಿಯುತ್ತದೆಂದು ಕಂಡುಬಂತು. ನಡುವಯಸ್ಸಿನಲ್ಲಿ ಬರುವ, ನಮ್ಮಲ್ಲಿ ಬಹುಮಂದಿಗಿರುವ ಮಧುಮೇಹದ ಬಗ್ಗೆ ಬ್ರಿಟನ್ನಿನ ದೀರ್ಘ ಅಧ್ಯಯನವೊಂದು 1998ರಲ್ಲಿ ಅಂತಹುದೇ ಮಾತನ್ನಾಡಿತು. ಅದು ಇನ್ನೊಂದನ್ನೂ ಸೇರಿಸಿತು: ರಕ್ತದ ಒತ್ತಡವನ್ನು ಹತೋಟಿಯಲ್ಲಿಟ್ಟರೆ ಕಣ್ಣಿನ ರೋಗ ಮುಂದುವರಿಯುವುದು ಸುಮಾರು ಮೂರನೆಯ ಒಂದು ಪಾಲು ಕಡಿಮೆಯಾಗುತ್ತದೆ.

ಪ್ರಾಣವಾಯು ಸಾಲದ ಅಕ್ಷಿಪಟಲ ಹೊಸ ನಾಳಗಳನ್ನು ಕರೆಯುವುದು ಯಾವ ಭಾಷೆಯಲ್ಲಿ? ಅಂತಹದೊಂದು ವಸ್ತು ಇರಬೇಕೆಂದು ಐಸಾಕ್ ಮೈಕಲ್‌ಸನ್ 1948ರಲ್ಲಿಯೇ ಊಹಿಸಿದ್ದ. 1989ರಲ್ಲಿ ನೆಪೋಲಿಯೋನ್ ಫೆರಾರಾ ಮತ್ತು ಸಂಗಡಿಗರು ನಾಳಗಳನ್ನು ಬೆಳೆಸುವ ವಿ.ಇ.ಜಿ.ಎಫ್. ಎಂಬ ಪ್ರೋಟೀನನ್ನು ಬೇರ್ಪಡಿಸಿದರು. ಆ ಪ್ರೋಟೀನು ಮಧುಮೇಹಿಗಳ ಕಣ್ಣಿನ ದ್ರವದಲ್ಲಿ ಹೇರಳವಾಗಿದೆಯೆಂದು 1994ರಲ್ಲಿ ತೋರಿಸಿದವರಲ್ಲಿ ಪ್ರಮುಖ ಲಾಯ್ಡ್ ಪಾಲ್ ಅಯೆಲೊ. ಬೀಥಮನ ಜೊತೆ ಲೇಸರ್ ಚುಕ್ಕೆಗಳನ್ನಿಟ್ಟ ಅಯೆಲೊನ ಮಗನೇ ಈತ. ತಂದೆಯ ಚಿಕಿತ್ಸೆ ಏಕೆ ಫಲಿಸಿತೆಂಬುದಕ್ಕೆ ಮಗ ಉತ್ತರ ಕೊಟ್ಟಂತಾಯಿತು. ಆ ಪ್ರೋಟೀನನ್ನು ತಡೆಯುವ ಔಷಧಿಯನ್ನು ಕಣ್ಣಿನೊಳಕ್ಕೇ ಸೂಜಿಯಿಂದ ಕೊಡುವ ಪದ್ಧತಿ ಈಗ ನೆಲೆಗೊಂಡಿದೆ; ಮಧುಮೇಹದ ಊತಕ್ಕಾಗಿ ರಾನಿಬಿಝುಮಾಬ್ ಎಂಬ ಇಂಥ ಔಷಧಿಗೆ ಅಮೆರಿಕ 2012ರಲ್ಲಿ ಮನ್ನಣೆ ನೀಡಿತು. ಉಳಿಸುವುದಷ್ಟೇ ಅಲ್ಲದೆ, ಕುಂದಿದ ನೋಟವನ್ನು ಎಷ್ಟೋ ಜನರಲ್ಲಿ ಒಂದಿಷ್ಟು ಮರಳಿಸುವ ಮೊದಲ ಔಷಧಿಗಳಿವು. ಆದರೆ ಒಂದು ಸೂಜಿಗೆ ಮುಗಿಯುವುದಿಲ್ಲ. ಮತ್ತೆ ಮತ್ತೆ ಬರಬೇಕು. ಬರುವುದನ್ನು ನಡುವೆ ಬಿಟ್ಟರೆ ರೋಗ ಮರಳುತ್ತದೆ.

ಹೀಗೆ ನೋಡುವ ಉಪಕರಣವಿದೆ, ಸುಡುವ ಕಿರಣವಿದೆ, ಶಸ್ತ್ರವಿದೆ, ಔಷಧಿಯಿದೆ. ಆದರೂ ಜನ ಕುರುಡಾಗುವುದೇಕೆ? ನಾನು ಆರಂಭದಲ್ಲಿ ನೆನಪಿಡಿರೆಂದ ಸಂಗತಿಯೇ ಇದಕ್ಕೆ ಉತ್ತರ. ನೋವಿರುವವನು ವೈದ್ಯನನ್ನು ತಾನೇ ಹುಡುಕಿಕೊಂಡು ಹೋಗುತ್ತಾನೆ. ಚೆನ್ನಾಗಿ ಕಾಣುತ್ತಿರುವವನು ಕಣ್ಣಿನ ವೈದ್ಯನಲ್ಲಿಗೆ ಏಕೆ ಹೋದಾನು? 1989ರಲ್ಲಿ ಇಟಲಿಯ ಸೇಂಟ್ ವಿನ್ಸೆಂಟಿನಲ್ಲಿ ಸೇರಿದ ಯುರೋಪಿನ ಪ್ರತಿನಿಧಿಗಳು, ಮಧುಮೇಹದಿಂದ ಹೊಸದಾಗಿ ಬರುವ ಕುರುಡನ್ನು ಐದು ವರ್ಷಗಳಲ್ಲಿ ಮೂರನೆಯ ಒಂದು ಪಾಲಿನಷ್ಟಾದರೂ ಇಳಿಸುವ ಸಂಕಲ್ಪ ಮಾಡಿದರು. ಐಸ್‌ಲ್ಯಾಂಡ್ ಎಂಬ ಪುಟ್ಟ ದ್ವೀಪ 1980ರಲ್ಲೇ ತನ್ನ ಮಧುಮೇಹಿಗಳನ್ನು ಕಾಲಕಾಲಕ್ಕೆ ಕರೆದು ಕಣ್ಣು ಪರೀಕ್ಷಿಸಲು ತೊಡಗಿತ್ತು. ಇಂಗ್ಲೆಂಡ್ 2003ರಲ್ಲಿ ಆರಂಭಿಸಿದ ಯೋಜನೆಯಂತೆ, 12 ವರ್ಷ ತುಂಬಿದ ಪ್ರತಿಯೊಬ್ಬ ಮಧುಮೇಹಿಗೂ ಪತ್ರ ಹೋಗುತ್ತದೆ: ಬನ್ನಿ, ನಿಮ್ಮ ಅಕ್ಷಿಪಟಲದ ಛಾಯಾಚಿತ್ರ ತೆಗೆಯುತ್ತೇವೆ. 2009-10ರ ಲೆಕ್ಕವನ್ನು ಪರಿಶೀಲಿಸಿದಾಗ, ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ದುಡಿಯುವ ವಯಸ್ಸಿನವರ ಕುರುಡಿಗೆ ಮಧುಮೇಹದ ಕಣ್ಣಿನ ರೋಗ ಮೊದಲ ಕಾರಣವಾಗಿ ಉಳಿದಿರಲಿಲ್ಲ. ಕನಿಷ್ಠ ಐದು ದಶಕಗಳಲ್ಲಿ ಹೀಗಾದದ್ದು ಅದೇ ಮೊದಲು. ಆ ಜಯದಲ್ಲಿ ಲೇಸರ್ ಕಿರಣದ ಪಾಲೆಷ್ಟೋ, ಅಂಚೆಯಲ್ಲಿ ಬಂದ ಆ ಕರೆಯೋಲೆಯ ಪಾಲೂ ಅಷ್ಟೇ.

ನಮ್ಮ ನಾಡಿನ ಸ್ಮೃತಿಯಲ್ಲಿ ಕಣ್ಣಿನ ಚಿಕಿತ್ಸೆಯೆಂದರೆ ಪೊರೆ ತೆಗೆಯುವುದು. ಡಾ. ಎಂ. ಸಿ. ಮೋದಿಯವರ ಸಾಮೂಹಿಕ ಶಿಬಿರಗಳಲ್ಲಿ ಅಜ್ಜ ಅಜ್ಜಿಯರು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಸಾಲಾಗಿ ಮಲಗಿರುತ್ತಿದ್ದ ಚಿತ್ರ ಎಷ್ಟೋ ಮನೆಗಳ ನೆನಪಿನಲ್ಲಿದೆ. ಆ ಪುಣ್ಯಕಾರ್ಯ ನಮಗೊಂದು ನಂಬಿಕೆಯನ್ನೂ ಕಲಿಸಿತು: ನೋಟ ಮಂಜಾದರೆ ಅವಸರವಿಲ್ಲ, ಪೊರೆ ಬಲಿಯಲಿ, ಆಮೇಲೆ ತೆಗೆಸಿದರಾಯಿತು, ಹೋದ ಕಣ್ಣು ಬಂದೇ ಬರುತ್ತದೆ. ಪೊರೆಯ ವಿಷಯದಲ್ಲಿ ಆ ಕಾಲಕ್ಕೆ ಈ ನಂಬಿಕೆ ಸಲ್ಲುತ್ತಿತ್ತು. ಅಕ್ಷಿಪಟಲದ ವಿಷಯದಲ್ಲಿ ಅದು ಎಂದೂ ಸಲ್ಲದು. ಇಲ್ಲಿ ಬಲಿಯುವುದು ರೋಗ, ಕಾದಷ್ಟೂ ನಷ್ಟ. ಅರವತ್ತು ದಾಟಿದವರು ‘ಪೊರೆ ಬಂದಿರಬೇಕು’ ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡು ಕಳೆಯುವ ಒಂದೆರಡು ವರ್ಷಗಳಲ್ಲಿ, ಉಳಿಯಬಹುದಾಗಿದ್ದ ಕಣ್ಣು ಕೈಬಿಟ್ಟು ಹೋಗುತ್ತದೆ.

2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನದ ಅಂದಾಜಿನಂತೆ ನಮ್ಮ ದೇಶದಲ್ಲಿ ಮಧುಮೇಹಿಗಳ ಸಂಖ್ಯೆ 10 ಕೋಟಿಗೂ ಮಿಕ್ಕಿದ್ದು. ಇಷ್ಟು ಜನರ ಕಣ್ಣನ್ನು ನೋಡುವಷ್ಟು ನೇತ್ರತಜ್ಞರು ಎಲ್ಲಿದ್ದಾರೆ? ಯಂತ್ರಕ್ಕೇ ಚಿತ್ರ ಓದುವುದನ್ನು ಕಲಿಸುವ ಪ್ರಯತ್ನ ನಡೆದಿರುವುದು ಇದಕ್ಕಾಗಿಯೇ. ಅಕ್ಷಿಪಟಲದ ಛಾಯಾಚಿತ್ರದಿಂದ ರೋಗವನ್ನು ಗುರುತಿಸಲು ಗಣಕಯಂತ್ರಕ್ಕೆ ಕಲಿಸಿದ ಒಂದು ಪ್ರಸಿದ್ಧ ಅಧ್ಯಯನ 2016ರಲ್ಲಿ ಹೊರಬಂತು. ಅದಕ್ಕೆ ಬಳಸಿದ ಚಿತ್ರಗಳಲ್ಲಿ ಅಮೆರಿಕದವುಗಳ ಜೊತೆಗೆ ಮಧುರೆಯ ಅರವಿಂದ, ಚೆನ್ನೈನ ಶಂಕರ ನೇತ್ರಾಲಯ ಹಾಗೂ ನಮ್ಮ ಬೆಂಗಳೂರಿನ ನಾರಾಯಣ ನೇತ್ರಾಲಯದಿಂದ ಹೋದವೂ ಇದ್ದವು. ಹೆಲ್ಮ್‌ಹೋಲ್ಟ್ಸನ ಗಾಜಿನ ಫಲಕದಿಂದ ಹೊರಟ ದಾರಿ ಇಲ್ಲಿಗೂ ಬಂದು ಮುಟ್ಟಿದೆ.

ಆದರೆ ಯಂತ್ರದ ಮುಂದೆಯೂ ಯಾರಾದರೂ ಬಂದು ಕುಳಿತುಕೊಳ್ಳಬೇಕಷ್ಟೆ. ಇಂಗ್ಲೆಂಡಿನ ಹಾಗೆ ನಮ್ಮ ಪ್ರತಿ ಮನೆಗೂ ಕರೆಯೋಲೆ ಬರುವುದಿಲ್ಲ. ಆ ಓಲೆಯ ಕೆಲಸವನ್ನು ಮನೆಯವರೇ ಮಾಡಬೇಕಾಗಿದೆ. ನಡುವಯಸ್ಸಿನಲ್ಲಿ ಮಧುಮೇಹ ಕಂಡವರು, ಅದು ತಿಳಿದ ಕೂಡಲೇ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆ, ಪಾಪೆಯನ್ನು ಹಿಗ್ಗಿಸುವ ಹನಿ ಹಾಕಿಸಿಕೊಂಡು ಅಕ್ಷಿಪಟಲವನ್ನು ತೋರಿಸಿಕೊಳ್ಳಬೇಕು. ಎಳೆಯ ವಯಸ್ಸಿನಲ್ಲೇ ಇನ್ಸುಲಿನ್ ಹಿಡಿದವರು ಐದು ವರ್ಷದೊಳಗೆ ಇದನ್ನು ಆರಂಭಿಸಬೇಕು. ಮಧುಮೇಹಿ ಹೆಣ್ಣುಮಗಳು ಬಸುರಿಯಾದಾಗ ಎಚ್ಚರ ಇನ್ನೂ ಹೆಚ್ಚು ಬೇಕು. ಕಣ್ಣ ಮುಂದೆ ಕರಿಯ ಎಳೆಗಳು ಹಠಾತ್ತನೆ ತೇಲಿದರೆ ಅಂದೇ ಹೋಗಬೇಕು. ಮನೆಯ ಹಿರಿಯರು ‘ನನಗೆ ಪತ್ರಿಕೆ ಓದಲು ಬರುತ್ತದಲ್ಲ, ನನ್ನ ಕಣ್ಣಿಗೆ ಏನಾಗಿದೆ?’ ಎಂದು ಕೇಳಿದರೆ, ‘ಓದಲು ಬರುತ್ತಿರುವಾಗಲೇ ಹೋಗೋಣ, ಏಳಿ’ ಎಂದು ಅವರ ಕೈಹಿಡಿದು ಎಬ್ಬಿಸಿ.